ಕೊಡಗಿನ ತೋಟದಲ್ಲಿ ಕೂತು ರಾಕೆಟ್ ನೋಡಲು ಯಾವುದು ವಾಸಿ: ಫೈಬರ್, ಮೊಬೈಲ್, ಡಿಶ್, ಬರಿಗಣ್ಣು

ರಾಕೆಟ್ ಉಡಾವಣೆ ನೇರಪ್ರಸಾರ ನೋಡಲು ಯಾವ ಕನೆಕ್ಷನ್ ಒಳ್ಳೆಯದು ಎಂದು ಬೆಂಗಳೂರಿನವರನ್ನು ಕೇಳಿದರೆ ಸ್ಪೀಡ್ ಹೇಳುತ್ತಾರೆ. 300 ಎಂಬಿಪಿಎಸ್, 500 ಎಂಬಿಪಿಎಸ್. ನಾಪೋಕ್ಲು ಕಡೆ ತೋಟದ ಮಧ್ಯೆ ಇರುವ ನಮಗೆ ಸ್ಪೀಡ್ ದೊಡ್ಡ ವಿಷಯವೇ ಅಲ್ಲ. ಕೌಂಟ್‌ಡೌನ್ ಹತ್ತಕ್ಕೆ ಬಂದಾಗ ಮನೆಯಲ್ಲಿ ಯಾವುದು ಇನ್ನೂ ಜೀವಂತ ಇರುತ್ತದೆ ಅನ್ನುವುದಷ್ಟೇ ವಿಷಯ.

ನಮ್ಮಲ್ಲಿ ಫೈಬರ್ ಇದೆ, ಎರಡು ಬೇರೆ ಕಂಪನಿಯ ಸಿಮ್ ಇವೆ, ಟಿವಿಗೆ ಡಿಶ್ ಇದೆ, ಅಡುಗೆಮನೆಯಲ್ಲಿ ಒಂದು ರೇಡಿಯೋ ಇದೆ. ಚಂದ್ರಯಾನ-3ರ ಕಾಲದಿಂದ ಇವೆಲ್ಲದರಲ್ಲೂ ಉಡಾವಣೆ ನೋಡುತ್ತಾ ಬಂದಿದ್ದೇನೆ. ಎಷ್ಟೋ ಸಲ ಎರಡನ್ನು ಪಕ್ಕಪಕ್ಕ ಇಟ್ಟುಕೊಂಡೇ ನೋಡಿದ್ದೇನೆ. ಮಧ್ಯದಲ್ಲಿ ಇಸ್ರೋ, ಅಮೆರಿಕದ ಖಾಸಗಿ ರಾಕೆಟ್ ಕಂಪನಿ ಸ್ಪೇಸ್‌ಎಕ್ಸ್ ಬಗ್ಗೆ ನನ್ನ ತಕರಾರುಗಳೂ ಬರುತ್ತವೆ, ಸ್ವಲ್ಪ ಸಹಿಸಿಕೊಳ್ಳಿ. ನಮ್ಮ ಮನೆ ಕನೆಕ್ಷನ್‌ಗಳ ಕಂಪನಿ ಹೆಸರು ಹೇಳುವುದಿಲ್ಲ. ಇಲ್ಲಿ ಕಂಪನಿಗಿಂತ ಮರ ಮುಖ್ಯ, ಮಳೆ ಮುಖ್ಯ.

ಮೊದಲು ಫೈಬರ್. ಅಕ್ಟೋಬರ್‌ನಿಂದ ಮೇ ತನಕ ಇದಕ್ಕೆ ಎದುರಾಳಿಯೇ ಇಲ್ಲ. 2024ರ ಅಕ್ಟೋಬರ್ 13ರಂದು ಸ್ಪೇಸ್‌ಎಕ್ಸ್‌ನ ದೈತ್ಯ ರಾಕೆಟ್ ಸ್ಟಾರ್‌ಶಿಪ್‌ನ ಐದನೇ ಹಾರಾಟ ನೋಡಿದ್ದು ಇದರಲ್ಲೇ. ಟೆಕ್ಸಾಸ್‌ನಲ್ಲಿ ಬೆಳಿಗ್ಗೆ, ನಮಗೆ ಸಂಜೆ ಆರಕ್ಕೆ ಐದು ನಿಮಿಷ ಬಾಕಿ. 71 ಮೀಟರ್ ಎತ್ತರದ ಬೂಸ್ಟರ್, ಅಂದರೆ ರಾಕೆಟ್‌ನ ಕೆಳಭಾಗ, ಸುಮಾರು ಏಳು ನಿಮಿಷದಲ್ಲಿ ಮೇಲಿಂದ ವಾಪಸ್ ಬಂದು, ಟವರ್‌ನ ಎರಡು ಕೈಗಳ ಮಧ್ಯೆ ನಿಂತೇಬಿಟ್ಟಿತು. ದೊಡ್ಡ ಪರದೆಯಲ್ಲಿ ನೋಡಿದ್ದರಿಂದ ಇಂಜಿನ್‌ಗಳ ಬಾಯಿ ಕೆಂಪಗೆ ಕಾದಿದ್ದು, ಬೂಸ್ಟರ್‌ನ ಒಂದು ಬದಿಯಲ್ಲಿ ಬೆಂಕಿ ಹತ್ತಿಕೊಂಡಿದ್ದು ಎಲ್ಲ ಬಿಡಿಸಿ ಕಾಣಿಸಿತು. ಅದೇ ದೃಶ್ಯವನ್ನು ಆಮೇಲೆ ಮೊಬೈಲ್‌ನಲ್ಲಿ 480ಪಿಗೆ, ಅಂದರೆ ಕಡಿಮೆ ಸ್ಪಷ್ಟತೆಗೆ, ಇಳಿಸಿ ನೋಡಿದೆ. ಬೆಂಕಿ ಹೋಗಿ ಬರೀ ಕಿತ್ತಳೆ ಬಣ್ಣದ ಕಲೆ ಉಳಿದಿತ್ತು. ಇಂಥ ಹಾರಾಟಕ್ಕೆ ಫೈಬರ್ ಬೇಕೇ ಬೇಕು.

ಸಿಡಿಲಿನ ವಿಷಯದಲ್ಲೂ ಫೈಬರ್ ಗೆಲ್ಲುತ್ತದೆ. ತಾಮ್ರದ ತಂತಿಯ ಕಾಲದಲ್ಲಿ ಹೂಮಳೆಗೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಮೊದಲ ಗುಡುಗು ಕೇಳಿದ ಕೂಡಲೇ ಮೋಡೆಮ್ ಪಿನ್ ಕೀಳಲು ಓಡಬೇಕಿತ್ತು. ತಡವಾದರೆ ಮೋಡೆಮ್ ಸುಟ್ಟು ಕರಿವಾಸನೆ. ಫೈಬರ್ ಗಾಜಿನ ಎಳೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ದಾರಿ ಮಧ್ಯೆ ಒಂದು ಎಳೆಯನ್ನು ಹಲವು ಮನೆಗೆ ಹಂಚುವ ಸ್ಪ್ಲಿಟರ್‌ಗಳಿಗೂ ಕರೆಂಟ್ ಬೇಡ. ಅಂದರೆ ಊರಿಗೆಲ್ಲ ಕರೆಂಟ್ ಹೋದರೂ, ಆ ಕಡೆ ಎಕ್ಸ್‌ಚೇಂಜ್‌ನಲ್ಲಿ ಬ್ಯಾಟರಿ ಇದ್ದು ಈ ಕಡೆ ನಮ್ಮ ರೂಟರ್‌ಗೆ ಒಂದು ಪುಟ್ಟ 12 ವೋಲ್ಟ್ ಯುಪಿಎಸ್ ಇದ್ದರೆ ನೆಟ್ ನಡೆಯುತ್ತಲೇ ಇರುತ್ತದೆ. ರೂಟರ್ ತಿನ್ನುವುದು ಸುಮಾರು ಹತ್ತು ವ್ಯಾಟ್ ಅಷ್ಟೇ. ಕೊಡಗಿನಲ್ಲಿ ಫೈಬರ್ ಹಾಕಿಸಿಕೊಳ್ಳುವವರು ಸ್ಪೀಡ್ ಪ್ಲಾನ್ ಒಂದು ಮೆಟ್ಟಿಲು ಕಡಿಮೆ ತಗೊಂಡು ಆ ದುಡ್ಡಿನಲ್ಲಿ ಈ ಯುಪಿಎಸ್ ತಗೊಳ್ಳಿ. ನಾನು ಕೊಡುವ ಅತ್ಯಂತ ಉಪಯೋಗದ ಸಲಹೆ ಇದೊಂದೇ ಇರಬಹುದು.

ಆದರೆ ಜೂನ್ ಬಂತು ಅನ್ನಿ. ನಮ್ಮ ಕಡೆ ಫೈಬರ್ ನೆಲದೊಳಗೆ ಬರುವುದಿಲ್ಲ, ಕಂಬದಿಂದ ಕಂಬಕ್ಕೆ, ಕೆಲವು ಕಡೆ ಮರದಿಂದ ಮರಕ್ಕೆ ಜೋತಾಡುತ್ತಾ ಬರುತ್ತದೆ. ಗಾಳಿಗೆ ಸಿಲ್ವರ್ ಓಕ್ ಕೊಂಬೆ ಒಂದು ಬಿದ್ದರೆ ಮುಗಿಯಿತು. ರೂಟರ್‌ನಲ್ಲಿ ಕೆಂಪು ದೀಪ ಮಿನುಗುತ್ತದೆ. ಕಡಿದು ಹೋದ ಗಾಜಿನ ಎಳೆಯನ್ನು ಗಂಟು ಹಾಕುವ ಹಾಗಿಲ್ಲ, ಅದಕ್ಕೆ ಮೆಷಿನ್ ತರಬೇಕು, ತುದಿ ನೇರ ಕತ್ತರಿಸಿ ಕರಗಿಸಿ ಬೆಸೆಯಬೇಕು. ಆ ಮೆಷಿನ್ ಇರುವ ಹುಡುಗ ಒಬ್ಬನೇ, ಕಡಿದು ಹೋದ ಲೈನುಗಳು ಊರ ತುಂಬ. 2025ರ ಜೂನ್ 25ರಂದು ಶುಭಾಂಶು ಶುಕ್ಲಾ ಹೊರಟ ದಿನ ನಮ್ಮ ಮನೆಯ ಫೈಬರ್ ಸತ್ತೇ ಇತ್ತು. 1984ರಲ್ಲಿ ರಾಕೇಶ್ ಶರ್ಮಾ ಹೋದ ಮೇಲೆ ಬಾಹ್ಯಾಕಾಶಕ್ಕೆ ಹೋಗುತ್ತಿರುವ ಎರಡನೇ ಭಾರತೀಯ ಗಗನಯಾತ್ರಿ. ಮಧ್ಯಾಹ್ನ 12 ಗಂಟೆ 1 ನಿಮಿಷಕ್ಕೆ ಉಡಾವಣೆ. ದೂರು ಕೊಟ್ಟಿದ್ದಕ್ಕೆ 'ನಿಮ್ಮ ದೂರು ಪರಿಹರಿಸಲಾಗಿದೆ' ಅಂತ ಮೆಸೇಜ್ ಬಂದಿತ್ತು, ಕೆಂಪು ದೀಪ ಹಾಗೇ ಮಿನುಗುತ್ತಿತ್ತು.

ಆ ದಿನ ಕಾಪಾಡಿದ್ದು ಮೊಬೈಲ್. ಮೊಬೈಲ್ ಅಂದರೆ ಕೈಯಲ್ಲಿ ಹಿಡಿದು ನೋಡುವುದು ಅಂದುಕೊಳ್ಳಬೇಡಿ. ನಮ್ಮ ಮನೆಯೊಳಗೆ ಒಂದು ಕಡ್ಡಿ ಸಿಗ್ನಲ್ ಬಂದರೆ ಹಬ್ಬ. ಮೇಲಿನ ಕೋಣೆಯ ಕಿಟಕಿ ಸರಳಿಗೆ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಟ್ಟಬೇಕು, ಹಾಟ್‌ಸ್ಪಾಟ್ ಆನ್ ಮಾಡಬೇಕು, ಕೆಳಗೆ ಬಂದು ಲ್ಯಾಪ್‌ಟಾಪ್‌ನಲ್ಲಿ ನೋಡಬೇಕು. ಎರಡು ಸಿಮ್‌ಗಳನ್ನು ಅದೇ ಸರಳಿಗೆ, ಅದೇ ಹೊತ್ತಿಗೆ ಕಟ್ಟಿ ನೋಡಿದ್ದೇನೆ. ಒಂದರಲ್ಲಿ ಸ್ಪೀಡ್ ಟೆಸ್ಟ್ ನೋಡಿದರೆ ಖುಷಿಯಾಗುತ್ತದೆ, ಆದರೆ ಮಳೆ ಜೋರಾದರೆ ಬಿದ್ದೇ ಹೋಗುತ್ತದೆ. ಇನ್ನೊಂದು ಯಾವತ್ತೂ ನಿಧಾನ, ಆದರೆ ಯಾವತ್ತೂ ಇರುತ್ತದೆ.

ಇದರ ಹಿಂದೆ ಒಂದು ಸರಳ ಕಾರಣ ಇದೆ. ಮೊಬೈಲ್ ಟವರ್‌ಗಳು ಬೇರೆ ಬೇರೆ ಬ್ಯಾಂಡ್‌ಗಳಲ್ಲಿ, ಅಂದರೆ ಬೇರೆ ಬೇರೆ ಉದ್ದದ ರೇಡಿಯೋ ಅಲೆಗಳಲ್ಲಿ, ಸಿಗ್ನಲ್ ಕಳಿಸುತ್ತವೆ. 2300 ಮೆಗಾಹರ್ಟ್ಸ್‌ನ ಅಲೆ ಸುಮಾರು 13 ಸೆಂಟಿಮೀಟರ್ ಉದ್ದ, 700 ಮೆಗಾಹರ್ಟ್ಸ್‌ನದು ಸುಮಾರು 43. ಉದ್ದ ಅಲೆ ಎಲೆ, ಕೊಂಬೆ, ಗುಡ್ಡದ ಅಂಚು ಎಲ್ಲವನ್ನೂ ಹೇಗೋ ನುಸುಳಿಕೊಂಡು ಬರುತ್ತದೆ. ಗಿಡ್ಡ ಅಲೆಯನ್ನು ಒದ್ದೆ ಎಲೆಗಳು ಹೀರಿಕೊಂಡುಬಿಡುತ್ತವೆ. ಕಾಫಿ ತೋಟ ಅಂದರೆ ಒದ್ದೆ ಎಲೆಗಳ ಮೂರು ಅಂತಸ್ತು ಅಲ್ವಾ? ಕೆಳಗೆ ಕಾಫಿ, ಮಧ್ಯೆ ಮೆಣಸಿನ ಬಳ್ಳಿ, ಮೇಲೆ ನೆರಳಿನ ಮರ. ಹಾಗಾಗಿ ಇಲ್ಲಿ ಸಿಮ್ ಆರಿಸುವವರು 'ಯಾವ ಕಂಪನಿ 5ಜಿ' ಅಂತ ಕೇಳುವ ಬದಲು 'ಹತ್ತಿರದ ಟವರ್‌ನಲ್ಲಿ ಯಾವ ಬ್ಯಾಂಡ್ ಇದೆ' ಅಂತ ಕೇಳಬೇಕು. ಫೋನ್‌ನಲ್ಲಿ ಬ್ಯಾಂಡ್ ತೋರಿಸುವ ಉಚಿತ ಆ್ಯಪ್‌ಗಳಿವೆ. ಅದನ್ನು ಹಿಡಿದುಕೊಂಡು ಮನೆ ಸುತ್ತ ಒಂದು ಸುತ್ತು ಬಂದರೆ ಅಂಗಡಿಯವನ ಮಾತಿಗಿಂತ ಹೆಚ್ಚು ಗೊತ್ತಾಗುತ್ತದೆ.

2025ರ ಸೆಪ್ಟೆಂಬರ್ 27ರಂದು ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಉದ್ಘಾಟನೆ ಆಯಿತು, 97,500ಕ್ಕೂ ಹೆಚ್ಚು ಟವರ್. ನಮ್ಮದೇ ದೇಶದ ಸಿ-ಡಾಟ್, ತೇಜಸ್, ಟಿಸಿಎಸ್ ಸಂಸ್ಥೆಗಳು ಸೇರಿ ಕಟ್ಟಿದ್ದು. 5ಜಿ ಕಾಲದಲ್ಲಿ 4ಜಿಯಾ ಅಂತ ತಮಾಷೆ ಮಾಡಿದವರು ಬಹಳ. ನನಗೆ ಮಾತ್ರ ಆ ವರ್ಷದ ದೊಡ್ಡ ಟೆಕ್ ಸುದ್ದಿಗಳಲ್ಲಿ ಅದೂ ಒಂದು. ಕೋರ್ ನೆಟ್‌ವರ್ಕ್‌ನಿಂದ ರೇಡಿಯೋ ತನಕ ಸ್ವಂತದ್ದು ಕಟ್ಟಿದ ದೇಶಗಳು ಬೆರಳೆಣಿಕೆಯಷ್ಟು. ಅದರಲ್ಲಿ 700 ಮೆಗಾಹರ್ಟ್ಸ್ ಬೇರೆ ಇದೆ. ಮಲೆನಾಡಿಗೆ ಬೇಕಾದ್ದು ಇದೇ.

ಮೊಬೈಲ್‌ನ ಸಾವು ಫೈಬರ್‌ನ ಹಾಗೆ ಫಕ್ಕನೆ ಬರುವುದಿಲ್ಲ, ನಿಧಾನವಾಗಿ ಬರುತ್ತದೆ. ಕರೆಂಟ್ ಹೋದ ಮೊದಲ ಕೆಲವು ಗಂಟೆ ಟವರ್ ಬ್ಯಾಟರಿಯಲ್ಲಿ ನಡೆಯುತ್ತದೆ. ಅಷ್ಟರಲ್ಲಿ ಊರಿನ ಫೈಬರ್‌ಗಳೆಲ್ಲ ಸತ್ತು, ಎಲ್ಲರೂ ಮೊಬೈಲ್‌ಗೆ ಬಂದು ಬಿದ್ದಿರುತ್ತಾರೆ. ಸ್ಪೀಡ್ ಇಳಿಯುತ್ತಾ ಹೋಗುತ್ತದೆ. ಜನರೇಟರ್‌ಗೆ ಡೀಸೆಲ್ ಬಾರದಿದ್ದರೆ ಮಾರನೇ ದಿನ ಕಡ್ಡಿಗಳೂ ಮಾಯ. ಜೊತೆಗೆ ದಿನಕ್ಕೆ ಒಂದೂವರೆ ಎರಡು ಜಿಬಿಯ ಲೆಕ್ಕ. ಸ್ಟಾರ್‌ಶಿಪ್‌ನದ್ದು ಒಂದು ಗಂಟೆ ಪ್ರಸಾರವನ್ನು ಎಚ್‌ಡಿಯಲ್ಲಿ ನೋಡಿದರೆ ಆ ದಿನದ ಕೋಟಾ ಅಲ್ಲಿಗೇ ಮುಗಿಯಿತು. ಇಸ್ರೋ ಉಡಾವಣೆ ಪರವಾಗಿಲ್ಲ, ಅದರ ಪಿಎಸ್‌ಎಲ್‌ವಿ ರಾಕೆಟ್‌ನ ಹಾರಾಟದ ಮುಖ್ಯ ಭಾಗ ಇಪ್ಪತ್ತು ನಿಮಿಷದೊಳಗೆ ಮುಗಿಯುತ್ತದೆ.

ಇನ್ನು ಡಿಶ್. ಇದಕ್ಕೆ ನಾನು ಅಷ್ಟು ಬೆಲೆ ಕೊಟ್ಟಿರಲಿಲ್ಲ, ಟಿವಿ ಅಂದರೆ ಧಾರಾವಾಹಿ ನೋಡುವವರಿಗೆ ಅಂತ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿಯುವಾಗ ನಾನು ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಇಸ್ರೋದ ಯೂಟ್ಯೂಬ್ ನೋಡುತ್ತಿದ್ದೆ. ಅವತ್ತು ಏಕಕಾಲಕ್ಕೆ 80 ಲಕ್ಷಕ್ಕೂ ಹೆಚ್ಚು ಜನ ಅದೇ ಚಾನೆಲ್‌ನಲ್ಲಿದ್ದರು. ನನ್ನ ಪರದೆಯಲ್ಲಿ ವಿಕ್ರಮ್ ಲ್ಯಾಂಡರ್ ಇನ್ನೂ ನೆಲದಿಂದ ಮೇಲೆ ನಿಂತು ಜಾಗ ಹುಡುಕುತ್ತಿತ್ತು. ಅಷ್ಟರಲ್ಲಿ ಕೆಳಗೆ ತೋಟದ ಕೆಲಸದವರ ಲೈನ್ ಮನೆ ಕಡೆಯಿಂದ 'ಹೋ' ಅಂತ ಕೂಗು, ಚಪ್ಪಾಳೆ, ತಟ್ಟೆ ಬಡಿಯುವ ಸದ್ದು. ಅಲ್ಲಿ ಡಿಡಿ ಫ್ರೀ ಡಿಶ್. ದೂರದರ್ಶನದಲ್ಲಿ ಇಳಿದಾಗಿತ್ತು. ನನಗೆ ಇನ್ನೂ ಸುಮಾರು ಅರ್ಧ ನಿಮಿಷ ಬಾಕಿ ಇತ್ತು. ಇಡೀ ಜೀವನದಲ್ಲಿ ಒಂದೇ ಸಲ ಬರುವ ಕ್ಷಣದ ಕುತೂಹಲ ಅಲ್ಲಿಗೆ ಠುಸ್ ಆಯಿತು.

ಆಮೇಲೆ ಬೇಕೆಂದೇ ಟಿವಿ, ಲ್ಯಾಪ್‌ಟಾಪ್ ಎರಡನ್ನೂ ಒಂದೇ ಕೋಣೆಯಲ್ಲಿ ಇಟ್ಟು ಹಲವು ಉಡಾವಣೆ ನೋಡಿದೆ. ಪ್ರತಿ ಸಲವೂ ಟಿವಿಯೇ ಮುಂದೆ. ಕೇಳಲು ವಿಚಿತ್ರ. ಡಿಶ್‌ನ ಸಿಗ್ನಲ್ ಭೂಮಿಯಿಂದ 36 ಸಾವಿರ ಕಿಲೋಮೀಟರ್ ಮೇಲೆ ಹೋಗಿ ಅಷ್ಟೇ ಕೆಳಗೆ ಬರಬೇಕು. ಆದರೆ ಬೆಳಕಿನ ವೇಗದಲ್ಲಿ ಅಷ್ಟು ದಾರಿಗೆ ಬೇಕಾದ್ದು ಕಾಲು ಸೆಕೆಂಡ್ ಮಾತ್ರ. ಯೂಟ್ಯೂಬ್ ವಿಡಿಯೋವನ್ನು ಸಣ್ಣ ಸಣ್ಣ ತುಂಡು ಮಾಡಿ, ಬೇರೆ ಬೇರೆ ಗುಣಮಟ್ಟಕ್ಕೆ ಪರಿವರ್ತಿಸಿ, ನಿಮ್ಮ ಫೋನ್‌ನಲ್ಲಿ ಒಂದಷ್ಟು ತುಂಡು ಕೂಡಿಟ್ಟುಕೊಂಡ ಮೇಲೆಯೇ ತೋರಿಸುತ್ತದೆ. ತಡ ಆಗುವುದು ಅಲ್ಲಿ.

ಇನ್ನೊಂದು ವಿಷಯ ನನಗೆ ಬಹಳ ಇಷ್ಟ. ಫ್ರೀ ಡಿಶ್ ಬರುವುದು ಜಿಸ್ಯಾಟ್-15 ಉಪಗ್ರಹದಿಂದ. 2015ರ ನವೆಂಬರ್‌ನಲ್ಲಿ ಏರಿಯಾನ್-5 ರಾಕೆಟ್‌ನಲ್ಲಿ ಹೋದದ್ದು, 93.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ ನಿಂತಿದೆ. ನಮ್ಮಲ್ಲಿಂದ ಲೆಕ್ಕ ಹಾಕಿದರೆ ಆಗ್ನೇಯ ದಿಕ್ಕಿಗೆ, ನೆಲದಿಂದ ಸುಮಾರು 65 ಡಿಗ್ರಿ ಮೇಲೆ. ಅಷ್ಟು ಎತ್ತರಕ್ಕೆ ನೋಡುವುದರಿಂದ ಮರಗಳ ಮಧ್ಯೆ ಒಂದೇ ಒಂದು ಕಿಂಡಿ ಇದ್ದರೂ ಡಿಶ್ ಹಿಡಿಯುತ್ತದೆ. ಇಸ್ರೋದ ಇಂಥ ಉಪಗ್ರಹಗಳನ್ನು ಅಲುಗಾಡದಂತೆ ನೋಡಿಕೊಳ್ಳುವ ಮುಖ್ಯ ನಿಯಂತ್ರಣ ಕೇಂದ್ರ ಪಕ್ಕದ ಹಾಸನದಲ್ಲೇ ಇದೆ, 1982ರಿಂದ. ನಮ್ಮ ಹುಡುಗರು ಹಾಸನ ಅಂದರೆ ಬಸ್ ಬದಲಾಯಿಸುವ ಜಾಗ ಅಂತಷ್ಟೇ ತಿಳಿದಿದ್ದಾರೆ.

ಡಿಶ್‌ನ ಶತ್ರು ಮಳೆ. ಚಂದ್ರಯಾನದ ಸಂಜೆ ಅದು ಚೆನ್ನಾಗಿ ನಡೆಯಿತು ಅಂದರೆ ಆ ಆಗಸ್ಟ್‌ನಲ್ಲಿ ಮಳೆಯೇ ಕೈಕೊಟ್ಟಿತ್ತು, 1901ರಿಂದೀಚೆಗೆ ದೇಶದಲ್ಲಿ ಅಷ್ಟು ಒಣ ಆಗಸ್ಟ್ ಬಂದಿರಲಿಲ್ಲ. 2025ರ ಜುಲೈ 30ರಂದು ಹಾಗಿರಲಿಲ್ಲ. ಕೊಡವರ ಕಕ್ಕಡ ತಿಂಗಳು (ಆಟಿ, ಆಷಾಢದ ಹೊತ್ತು), ಸುರಿಯುವ ಮಳೆ. ಸಂಜೆ 5.40ಕ್ಕೆ ಶ್ರೀಹರಿಕೋಟದಿಂದ ನಾಸಾ, ಇಸ್ರೋ ಸೇರಿ ಮಾಡಿದ ನಿಸಾರ್ ಉಪಗ್ರಹ ಹೊರಡಬೇಕು. ಹದಿನೈದು ನಿಮಿಷ ಮೊದಲೇ ಟಿವಿ ಚೌಕ ಚೌಕವಾಗಿ ಒಡೆದು, ಧ್ವನಿ ತೊದಲಿ, ಕೊನೆಗೆ ನೀಲಿ ಪರದೆ. ಡಿಶ್‌ನವರು ಬಳಸುವ ಕೆಯು ಬ್ಯಾಂಡ್‌ನ ಅಲೆ ಎರಡೂವರೆ ಸೆಂಟಿಮೀಟರ್ ಆಸುಪಾಸು. ಮಳೆಹನಿಗಳಿಗೆ ಅದನ್ನು ಚದುರಿಸಿ ಹೀರುವುದು ಸುಲಭ.

ತಮಾಷೆ ಏನೆಂದರೆ, ಅವತ್ತು ಮೇಲೆ ಹೋದ ಉಪಗ್ರಹದ ಕೆಲಸವೇ ಮೋಡ, ಮಳೆ ದಾಟಿ ನೆಲ ನೋಡುವುದು. ನಿಸಾರ್‌ನಲ್ಲಿ ಎರಡು ರೇಡಾರ್ ಇವೆ. ನಾಸಾದ ಎಲ್ ಬ್ಯಾಂಡ್ ಅಲೆ ಸುಮಾರು 24 ಸೆಂಟಿಮೀಟರ್, ಮರದ ಎಲೆಗಳ ಹೊದಿಕೆಯನ್ನೂ ದಾಟುತ್ತದೆ. ಇಸ್ರೋದ ಎಸ್ ಬ್ಯಾಂಡ್ ಅದಕ್ಕಿಂತ ಗಿಡ್ಡ. 12 ಮೀಟರ್ ಅಗಲದ ಜಾಲರಿ ಆಂಟೆನಾ, 747 ಕಿಲೋಮೀಟರ್ ಎತ್ತರ, 12 ದಿನಕ್ಕೊಮ್ಮೆ ಅದೇ ಜಾಗಕ್ಕೆ ವಾಪಸ್. ನೆಲ ಸೆಂಟಿಮೀಟರ್ ಲೆಕ್ಕದಲ್ಲಿ ಸರಿದರೂ ಎರಡು ಚಿತ್ರ ಹೋಲಿಸಿ ಹೇಳಬಲ್ಲದು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜಾರಿದ್ದನ್ನು ಕಂಡವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಗುಡ್ಡ ಒಂದೇ ರಾತ್ರಿಯಲ್ಲಿ ಜಾರಿದರೆ 12 ದಿನದ ಅಂತರದಲ್ಲಿ ಬರುವ ಚಿತ್ರ ಮುನ್ನೆಚ್ಚರಿಕೆ ಆಗುವುದಿಲ್ಲ, ಅದು ನಿಜ. ಆದರೆ ಯಾವ ಇಳಿಜಾರು ವರ್ಷವಿಡೀ ಸ್ವಲ್ಪ ಸ್ವಲ್ಪ ಹರಿದಾಡುತ್ತಿದೆ ಅಂತ ಗೊತ್ತಾದರೆ ಅಲ್ಲಿ ಮನೆ, ರೆಸಾರ್ಟ್ ಕಟ್ಟದೆ ಇರಬಹುದು ಅಲ್ವಾ? ಚಂದ್ರನ ಮೇಲೆ ಇಳಿದದ್ದಕ್ಕಿಂತ ಕೊಡಗಿನವರಿಗೆ ನಿಸಾರ್ ಹತ್ತಿರದ ಸುದ್ದಿ. ಟಿವಿ ಚಾನೆಲ್‌ಗಳು ಅದಕ್ಕೆ ಕೊಟ್ಟ ಸಮಯ ನೋಡಿದರೆ ಬೇಸರ ಆಗುತ್ತದೆ.

ಅವತ್ತು ನಿಸಾರ್ ನೋಡಿದ್ದು ಕಿಟಕಿಗೆ ಕಟ್ಟಿದ ನಿಧಾನದ ಸಿಮ್‌ನಲ್ಲಿ, 240ಪಿಯಲ್ಲಿ. ಅದನ್ನು ಹೊತ್ತ ಜಿಎಸ್‌ಎಲ್‌ವಿ ರಾಕೆಟ್ ಒಂದು ಬೆಂಕಿಕಡ್ಡಿಯಷ್ಟೇ ಕಂಡಿತು, ಆದರೆ ಪ್ರಸಾರ ನಿಲ್ಲಲಿಲ್ಲ.

ರೇಡಿಯೋ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಡಿಕೇರಿ ಆಕಾಶವಾಣಿ 103.1 ಎಷ್ಟೇ ಮಳೆ ಬಂದರೂ ಬರುತ್ತದೆ, ಎರಡು ಸೆಲ್‌ನಲ್ಲಿ ತಿಂಗಳುಗಟ್ಟಲೆ ನಡೆಯುತ್ತದೆ. ಎಫ್‌ಎಂ ಅಲೆ ಮೂರು ಮೀಟರ್ ಉದ್ದ, ಎಲೆ ಮಳೆ ಯಾವುದಕ್ಕೂ ಕ್ಯಾರೇ ಅನ್ನುವುದಿಲ್ಲ. ಆದರೆ ಅದರಲ್ಲಿ ಸಿಗುವುದು ವಾರ್ತೆ. 'ಉಡಾವಣೆ ಯಶಸ್ವಿ' ಅನ್ನುವ ಒಂದು ವಾಕ್ಯ. ಉಳಿದದ್ದೆಲ್ಲ ಸತ್ತ ದಿನ ಆ ಒಂದು ವಾಕ್ಯಕ್ಕೂ ಬೆಲೆ ಇದೆ.

ಕನೆಕ್ಷನ್ ಬೇಡವೇ ಬೇಡ ಅನ್ನುವವರಿಗೆ ಬರಿಗಣ್ಣು. ಶ್ರೀಹರಿಕೋಟದ ರಾಕೆಟ್ ಇಲ್ಲಿಂದ ಕಾಣುತ್ತದಾ ಅಂತ ತುಂಬ ಜನ ಕೇಳುತ್ತಾರೆ. ನೇರ ಗೆರೆಯಲ್ಲೇ ಸುಮಾರು 500 ಕಿಲೋಮೀಟರ್. ಭೂಮಿಯ ಗುಂಡು ಮೈಯಿಂದಾಗಿ ರಾಕೆಟ್ 20 ಕಿಲೋಮೀಟರ್ ಮೇಲೇರಿದರೂ ನಮಗೆ ಬರೀ ದಿಗಂತಕ್ಕೆ ಬಂದಿರುತ್ತದೆ, ಆಮೇಲೆ ಅದು ಸಮುದ್ರದ ಕಡೆ ದೂರ ಓಡುತ್ತದೆ. ನಮ್ಮ ದಿಗಂತದಲ್ಲಿ ಗುಡ್ಡ. ಆಸೆ ಬಿಡಿ. ಆದರೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಬೇರೆ ಮಾತು. 400 ಕಿಲೋಮೀಟರ್ ಮೇಲೆ, ಗಂಟೆಗೆ 28 ಸಾವಿರ ಕಿಲೋಮೀಟರ್ ವೇಗ. ನಾಸಾದ ಸ್ಪಾಟ್ ದ ಸ್ಟೇಷನ್ ಆ್ಯಪ್ ಯಾವ ದಿನ, ಎಷ್ಟು ಗಂಟೆಗೆ, ಯಾವ ದಿಕ್ಕಿನಿಂದ ಅಂತ ಹೇಳುತ್ತದೆ. ಡಿಸೆಂಬರ್, ಜನವರಿಯಲ್ಲಿ ಕಾಫಿ ಒಣಗಿಸುವ ಕಣದಲ್ಲಿ ನಿಂತರೆ ಸಾಕು, ಮರವಿಲ್ಲದ ಆಕಾಶ ತೋಟದಲ್ಲಿ ಅಲ್ಲಿ ಮಾತ್ರ ಸಿಗುತ್ತದೆ. (ಸಂಜೆ ಹೊತ್ತು ಹೋಗುವ ಮೊದಲು ಆನೆ ಇದೆಯಾ ಅಂತ ನೋಡಿಕೊಳ್ಳಿ, ಆ್ಯಪ್ ಅದನ್ನು ಹೇಳುವುದಿಲ್ಲ.) ಪಶ್ಚಿಮದ ಮರದ ತುದಿಯಿಂದ ಒಂದು ಬಿಳಿ ಚುಕ್ಕೆ ಏಳುತ್ತದೆ, ಮಿನುಗುವುದಿಲ್ಲ, ವಿಮಾನದ ಹಾಗೆ ಕೆಂಪು ದೀಪ ಇರುವುದಿಲ್ಲ, ಸದ್ದೂ ಇಲ್ಲ. ನೆತ್ತಿಗೆ ಬರುವಾಗ ಶುಕ್ರನಿಗಿಂತ ಕಡಿಮೆ ಏನಿಲ್ಲ. ಪೂರ್ವಕ್ಕೆ ಇಳಿಯುವ ಮೊದಲೇ, ಮೋಡ ಮರ ಏನೂ ಅಡ್ಡ ಇಲ್ಲದಿದ್ದರೂ, ಕೆಲವೇ ಸೆಕೆಂಡಿನಲ್ಲಿ ಬಣ್ಣ ಕೆಂಚಾಗಿ, ಮಂಕಾಗಿ ಮಾಯವಾಗುತ್ತದೆ. ಭೂಮಿಯ ನೆರಳಿಗೆ ಹೊಕ್ಕಿತು ಅಂತ ಅರ್ಥ. ಯಾವ ಎಚ್‌ಡಿ ಪರದೆಯೂ ಇದನ್ನು ಕೊಡುವುದಿಲ್ಲ. ಆದರೆ ಶುಕ್ಲಾ ಆ ನಿಲ್ದಾಣದಲ್ಲಿ ಇದ್ದದ್ದು ಜೂನ್ ಕೊನೆಯಿಂದ ಜುಲೈ ಮಧ್ಯದ ತನಕ. ಆಗ ನಮಗೆ ಮೇಲೆ ಕಾಣುವುದು ಮೋಡದ ಹೊಟ್ಟೆ ಒಂದೇ.

ಕನೆಕ್ಷನ್ ವಿಷಯ ಪಕ್ಕಕ್ಕಿಟ್ಟು ಪ್ರಸಾರಗಳನ್ನೇ ಹೋಲಿಸಿದರೆ ನನ್ನ ಮಾತು ಕೆಲವರಿಗೆ ಹಿಡಿಸುವುದಿಲ್ಲ. ಸ್ಪೇಸ್‌ಎಕ್ಸ್ ಪರದೆಯ ಕೆಳಗೆ ವೇಗ, ಎತ್ತರ, ಯಾವ ಇಂಜಿನ್ ಉರಿಯುತ್ತಿದೆ ಅನ್ನುವುದನ್ನೂ ತೋರಿಸುತ್ತದೆ. ರಾಕೆಟ್ ಮೇಲೆಯೇ ಕ್ಯಾಮೆರಾ. ಇಸ್ರೋ ತೋರಿಸುವುದು ಗ್ರಾಫ್, ಕಂಟ್ರೋಲ್ ರೂಮಿನ ಬೆನ್ನುಗಳು, ಮತ್ತೆ ಗ್ರಾಫ್. ಆದರೆ ಆ ಗ್ರಾಫ್ ಓದಲು ಕಲಿತವರಿಗೆ ಅದರಲ್ಲಿ ಬೇರೆಯದೇ ರುಚಿ ಇದೆ. ಹೋಗಬೇಕಾದ ದಾರಿಯ ಗೆರೆ ಮೊದಲೇ ಇರುತ್ತದೆ, ನಿಜವಾಗಿ ಹೋಗುತ್ತಿರುವ ಚುಕ್ಕೆ ಅದರ ಮೇಲೆ ತೆವಳುತ್ತದೆ. 240ಪಿಯಲ್ಲೂ ಸ್ಪಷ್ಟ ಕಾಣುತ್ತದೆ! ಕೆಟ್ಟ ನೆಟ್ ಇರುವವನಿಗೆ ಸ್ಪೇಸ್‌ಎಕ್ಸ್‌ಗಿಂತ ಇಸ್ರೋ ಪ್ರಸಾರವೇ ವಾಸಿ ಅಂದರೆ ನಗಬೇಡಿ.

ಇಸ್ರೋ ಸೋಲುವುದು ಇನ್ನೊಂದು ಕಡೆ. 2025ರ ಮೇ 18, ಭಾನುವಾರ ಬೆಳಿಗ್ಗೆ 5.59ಕ್ಕೆ ಪಿಎಸ್‌ಎಲ್‌ವಿ-ಸಿ61 ಹೊರಟಿತು. ಎರಡನೇ ಹಂತದ ತನಕ ಎಲ್ಲ ಸರಿ. ಮೂರನೇ ಹಂತ, ಅದು ಘನ ಇಂಧನದ್ದು, ಅಲ್ಲಿ ಒತ್ತಡ ಇಳಿದು ಇಓಎಸ್-09 ಉಪಗ್ರಹ ಕಳೆದುಹೋಯಿತು. ಇಸ್ರೋ ಅಧ್ಯಕ್ಷರು ಬಂದು ನೇರವಾಗಿ ಹೇಳಿದರು, ಅದಕ್ಕೆ ಗೌರವ ಇದೆ. ಆದರೆ ಯಾಕೆ ಹಾಗಾಯಿತು ಅನ್ನುವ ಪೂರ್ತಿ ವರದಿ ಜನರ ಕೈಗೆ ಸಿಗಲಿಲ್ಲ. 2026ರ ಜನವರಿ 12ರಂದು ಸಿ62 ಹೊರಟಾಗ ಮತ್ತೆ ಮೂರನೇ ಹಂತದಲ್ಲೇ ತೊಂದರೆ, ಮತ್ತೆ ಉಪಗ್ರಹ ಕೈತಪ್ಪಿತು. ಗೆದ್ದಾಗ ಎಲ್ಲರನ್ನೂ ಕರೆದು ತೋರಿಸಿ, ಸೋತಾಗ ಬಾಗಿಲು ಹಾಕಿಕೊಂಡರೆ ಹೇಗೆ? ಸ್ಟಾರ್‌ಶಿಪ್ ಎಷ್ಟು ಸಲ ಸಿಡಿದಿದೆ, ಸಿಡಿದದ್ದನ್ನೂ ಕ್ಯಾಮೆರಾದಲ್ಲಿ ತೋರಿಸಿದ್ದಾರೆ. ಅವರದ್ದು ಖಾಸಗಿ ದುಡ್ಡು, ಜಂಭ, ಮಾಲೀಕನ ವೇಷ ಎಲ್ಲದರ ಬಗ್ಗೆ ನನಗೂ ತಕರಾರಿದೆ. ಈ ಒಂದು ವಿಷಯದಲ್ಲಿ ಮಾತ್ರ ಅವರೇ ಮುಂದೆ.

ಅಂದಹಾಗೆ ಸ್ಪೇಸ್‌ಎಕ್ಸ್ ತನ್ನ ಪ್ರಸಾರವನ್ನು 2023ರ ಕೊನೆ ಹೊತ್ತಿಗೆ ಎಕ್ಸ್‌ಗೆ (ಹಿಂದಿನ ಟ್ವಿಟರ್) ಒಯ್ದಿತು. ಯೂಟ್ಯೂಬ್‌ನಲ್ಲಿ ಅದರ ಹೆಸರಿನಲ್ಲಿ 'ಲೈವ್' ಅಂತ ಬರುವ ಎಷ್ಟೋ ಚಾನೆಲ್ ಖೋಟಾ. ಹಳೇ ವಿಡಿಯೋ ಹಾಕಿ ಪಕ್ಕದಲ್ಲಿ ಬಿಟ್‌ಕಾಯಿನ್ ದುಪ್ಪಟ್ಟು ಮಾಡಿಕೊಡುತ್ತೇವೆ ಅಂತ ಕ್ಯೂಆರ್ ಕೋಡ್ ಇಡುತ್ತಾರೆ. ಮನೆಯಲ್ಲಿ ಹಿರಿಯರು ನೋಡುತ್ತಿದ್ದರೆ ಹೇಳಿಡಿ. ನಾಸಾಸ್ಪೇಸ್‌ಫ್ಲೈಟ್, ಎವ್ರಿಡೇ ಆಸ್ಟ್ರೋನಾಟ್ ಇವೆರಡು ಸ್ವತಂತ್ರ ಚಾನೆಲ್‌ಗಳು ನಂಬಲು ಯೋಗ್ಯ, ಯೂಟ್ಯೂಬ್‌ನಲ್ಲೇ ಸಿಗುತ್ತವೆ.

ಈಗ ಎಲ್ಲರೂ ಕೇಳುವ ಪ್ರಶ್ನೆ, ಸ್ಪೇಸ್‌ಎಕ್ಸ್‌ನ ಉಪಗ್ರಹ ಇಂಟರ್ನೆಟ್ ಸ್ಟಾರ್‌ಲಿಂಕ್. 2025ರ ಜೂನ್‌ನಲ್ಲಿ ದೂರಸಂಪರ್ಕ ಇಲಾಖೆಯ ಲೈಸೆನ್ಸ್, ಜುಲೈನಲ್ಲಿ ಬಾಹ್ಯಾಕಾಶದ ಖಾಸಗಿ ಕೆಲಸಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ ಇನ್‌ಸ್ಪೇಸ್‌ನ ಅನುಮತಿ ಸಿಕ್ಕಿತು. ನಾನು ಬಳಸಿಲ್ಲ, ಹಾಗಾಗಿ ಅಂಕ ಕೊಡುವುದಿಲ್ಲ. ಆದರೆ ಅದಕ್ಕೆ ನಮ್ಮ ಮನೆ ಹೊಂದುತ್ತದಾ ಅಂತ ಪರೀಕ್ಷೆ ಮಾಡಿದ್ದೇನೆ. ಅವರ ಆ್ಯಪ್‌ನಲ್ಲಿ ಫೋನ್ ಕ್ಯಾಮೆರಾವನ್ನು ಆಕಾಶಕ್ಕೆ ಹಿಡಿದು ಸುತ್ತ ತಿರುಗಿಸಿದರೆ ಎಲ್ಲೆಲ್ಲಿ ಅಡ್ಡ ಇದೆ ಅಂತ ಕೆಂಪಗೆ ತೋರಿಸುತ್ತದೆ. ಟಿವಿ ಡಿಶ್‌ಗೆ ಒಂದು ಕಿಂಡಿ ಸಾಕು, ಯಾಕೆಂದರೆ ಅದರ ಉಪಗ್ರಹ ಒಂದೇ ಕಡೆ ನಿಂತಿದೆ. ಸ್ಟಾರ್‌ಲಿಂಕ್‌ನವು ಸುಮಾರು 500 ಕಿಲೋಮೀಟರ್ ಮೇಲೆ ಓಡುತ್ತಲೇ ಇರುತ್ತವೆ, ಒಂದು ಮರೆಯಾಗುವ ಮೊದಲು ಇನ್ನೊಂದನ್ನು ಹಿಡಿಯಬೇಕು. ಅದಕ್ಕೆ ದೊಡ್ಡ ಬುಟ್ಟಿಯಷ್ಟು ಆಕಾಶ ಬೇಕು. ನಮ್ಮ ಮನೆ ಮಾಡಿನ ಮೇಲೆ ಪರದೆ ಬಹುಪಾಲು ಕೆಂಪು. ಕಣದ ಮಧ್ಯೆ ಮಾತ್ರ ಶುದ್ಧ. ಕಣದ ಮಧ್ಯೆ ಡಿಶ್ ಇಟ್ಟರೆ ಕಾಫಿ ಎಲ್ಲಿ ಒಣಗಿಸುವುದು?

ಇನ್ನೂ ಎರಡು ಮಾತು. ಅದೂ ಕೆಯು ಬ್ಯಾಂಡ್‌ನಲ್ಲೇ ಮನೆಗೆ ಬರುವುದು, ಹಾಗಾಗಿ ಕಕ್ಕಡದ ಮಳೆಗೆ ಅದೂ ಸ್ವಲ್ಪ ಬಗ್ಗಲೇಬೇಕು. ಮತ್ತೆ ಅದು 50ರಿಂದ 100 ವ್ಯಾಟ್ ಎಳೆಯುತ್ತದೆ. ಹತ್ತು ವ್ಯಾಟ್‌ನ ರೂಟರ್ ರಾತ್ರಿಯಿಡೀ ನಡೆಯುವ ಇನ್ವರ್ಟರ್‌ನಲ್ಲಿ ಇದು ಎಷ್ಟು ಹೊತ್ತು ನಿಂತೀತು ಅಂತ ಲೆಕ್ಕ ಹಾಕಿಕೊಳ್ಳಿ. ಬಯಲು ಸೀಮೆಯವರಿಗೆ, ಗದ್ದೆ ಪಕ್ಕ ಮನೆ ಇರುವವರಿಗೆ, ಬೋಳು ಗುಡ್ಡದ ಮೇಲಿನ ಹೋಂಸ್ಟೇಗಳಿಗೆ ಬಹಳ ಒಳ್ಳೆಯದಾಗಬಹುದು.

ನನಗೆ ಅದಕ್ಕಿಂತ ಆಸೆ ಹುಟ್ಟಿಸಿದ್ದು 2025ರ ಡಿಸೆಂಬರ್ 24ರ ಉಡಾವಣೆ. ಬೆಳಿಗ್ಗೆ 8.55, ಕಾಫಿ ಕುಯ್ಲಿನ ಸಮಯ, ಮರಗಳು ಅಲುಗದೆ ನಿಂತಿದ್ದವು, ಫೈಬರ್ ಗಟ್ಟಿಯಾಗಿ ಇತ್ತು. ಇಸ್ರೋದ ಎಲ್‌ವಿಎಂ3 ರಾಕೆಟ್ ಸುಮಾರು 6,100 ಕೆ.ಜಿ. ತೂಕದ ಬ್ಲೂಬರ್ಡ್ ಉಪಗ್ರಹ ಹೊತ್ತುಕೊಂಡು ಹೋಯಿತು. ಭಾರತದ ನೆಲದಿಂದ ಅಷ್ಟು ಭಾರದ ಉಪಗ್ರಹ ಅದಕ್ಕೆ ಮೊದಲು ಹೋಗಿರಲಿಲ್ಲ. ಅಮೆರಿಕದ ಎಎಸ್‌ಟಿ ಕಂಪನಿಯದ್ದು. ಮೇಲೆ ಹೋಗಿ ಬಿಚ್ಚಿಕೊಳ್ಳುವ ಆಂಟೆನಾ 223 ಚದರ ಮೀಟರ್. ನಮ್ಮ ಕೈಯಲ್ಲಿರುವ ಮಾಮೂಲಿ ಫೋನ್ ಜೊತೆ ನೇರ ಮಾತಾಡಲೆಂದೇ ಅಷ್ಟು ದೊಡ್ಡದು, ಯಾಕೆಂದರೆ ಫೋನ್‌ನ ಪುಟ್ಟ ಆಂಟೆನಾ ಜೋರಾಗಿ ಕೂಗಲಾರದು, ಮೇಲಿರುವವರೇ ಕಿವಿ ಅಗಲಿಸಬೇಕು. ಮೊಬೈಲ್ ಬ್ಯಾಂಡ್‌ಗಳಲ್ಲೇ ಕೆಲಸ ಮಾಡುವುದರಿಂದ ಮಳೆಯ ಭಯ ಕಡಿಮೆ, ಡಿಶ್ ಬೇಡ, ಇನ್ವರ್ಟರ್ ಬೇಡ. ದಟ್ಟ ಮರದಡಿ, ಮನೆಯೊಳಗೆ ಹಿಡಿಯುವುದು ಕಷ್ಟವೇ. ಕಣದ ತನಕ ನಡೆಯಬೇಕಾಗಬಹುದು, ನಡೆಯೋಣ. ಇದರಲ್ಲಿ ರಾಕೆಟ್ ನೋಡುವ ಮಾತು ಬಿಡಿ. ಟವರ್ ಸತ್ತ ರಾತ್ರಿ 'ನಾವು ಕ್ಷೇಮ' ಅಂತ ಎರಡು ಪದ ಹೋದರೂ ತಿಂಗಳಿಗೆ ಇಷ್ಟು ಅಂತ ದುಡ್ಡು ಕೊಡಲು ನಾನು ತಯಾರು.

ಸ್ಟಾರ್‌ಲಿಂಕ್‌ಗೆ ಜಾಗ ಮಾಡಬೇಕೆಂದರೆ ಮನೆ ಹಿಂದಿನ ಸಿಲ್ವರ್ ಓಕ್ ಸಾಲು ಕಡಿಸಬೇಕು. ಪ್ರತಿ ಮರಕ್ಕೂ ಮೆಣಸಿನ ಬಳ್ಳಿ ಹಬ್ಬಿದೆ. ಈಗಿನ ಮೆಣಸಿನ ರೇಟ್ ನೋಡಿಕೊಂಡು ಆ ಮಾತನ್ನು ಮನೆಯಲ್ಲಿ ಎತ್ತುವ ಧೈರ್ಯ ನನಗಿಲ್ಲ. ಸದ್ಯಕ್ಕೆ ಫೈಬರ್, ಪುಟ್ಟ ಯುಪಿಎಸ್, ಕಿಟಕಿಗೆ ನಿಧಾನದ ಸಿಮ್. ಇಸ್ರೋದವರೇ, ಗಗನಯಾನದ ಮೊದಲ ಹಾರಾಟ ದಯವಿಟ್ಟು ಮಳೆಗಾಲದಲ್ಲಿ ಇಟ್ಟುಕೊಳ್ಳಬೇಡಿ.